ಎಂಟು ವರ್ಷದ ಹುಡುಗನಿಗೆ ಯಾವ ಹ್ಯಾಂಡ್‌ಹೆಲ್ಡ್ ಗೇಮ್ ಕೊಡಿಸಲಿ? ತಗೊಂಡವರು ಹೇಳಿ

ಪ್ರಶ್ನೆ: ಅಕ್ಕನ ಮಗನಿಗೆ ಎಂಟು ತುಂಬುತ್ತೆ. ಕೈಯಲ್ಲಿ ಹಿಡಿದು ಆಡೋ ವಿಡಿಯೊ ಗೇಮ್ ಬೇಕಂತ ಬಹಳ ದಿನದಿಂದ ಹಟ ಹಿಡಿದಿದ್ದಾನೆ. ಈ ಹುಟ್ಟುಹಬ್ಬಕ್ಕೆ ನಾನೇ ಕೊಡಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಮನೇಲಿ ಐದು ವರ್ಷದ ತಂಗಿಯೂ ಇದ್ದಾಳೆ. ನಿಂಟೆಂಡೊ ಕಂಪನಿಯ ಸ್ವಿಚ್ ಲೈಟ್ ಸಾಕಾ, ದೊಡ್ಡ ಸ್ವಿಚ್ಚೇ ಬೇಕಾ, ಇಲ್ಲ ಹಳೇ ಆಟಗಳೆಲ್ಲ ತುಂಬಿಸಿ ಮಾರೋ ಆ ಪುಟ್ಟ ಯಂತ್ರಗಳಲ್ಲೊಂದು ಆಗುತ್ತಾ? ಅನುಭವ ಇದ್ದವರು ತಿಳಿಸಿ.

ಇಬ್ಬರು ಮಕ್ಕಳ ಅಮ್ಮ: ಲೈಟೇ ತಗೊಳ್ಳಿ. ನಮ್ಮನೇಲಿ ಎರಡಿವೆ. ತೂಕ ಸುಮಾರು 275 ಗ್ರಾಂ ಅಷ್ಟೇ, ಮಕ್ಕಳ ಕೈಗೆ ಭಾರ ಆಗಲ್ಲ. ಮೊದಲು ತಂದಿದ್ದು ಒಂದೇ, ಜೊತೆಗೆ ಅನಿಮಲ್ ಕ್ರಾಸಿಂಗ್ ನ್ಯೂ ಹೊರೈಜನ್ಸ್ ಅನ್ನೋ ಆಟ. ಅದರಲ್ಲಿ ಒಂದು ಯಂತ್ರಕ್ಕೆ ಒಂದೇ ದ್ವೀಪ. ಮೊದಲು ಆಡೋಕೆ ಕೂತವರದ್ದೇ ಯಜಮಾನಿಕೆ. ಸೇತುವೆ ಎಲ್ಲಿ ಬರ್ಬೇಕು, ಅಂಗಡಿ ಎಲ್ಲಿ ಏಳ್ಬೇಕು ಅನ್ನೋದೆಲ್ಲ ಅವರ ತೀರ್ಮಾನ. ಮಗಳು ಮೊದಲು ಕೂತಳು. ಮಗ ಆಮೇಲೆ ಹೋಗಿ ಅಕ್ಕ ಸಾಲಾಗಿ ನೆಟ್ಟಿದ್ದ ಹೂವನ್ನೆಲ್ಲ ಕಿತ್ತು ಮಾರಿಬಿಟ್ಟ. ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದು ನೋಡಿದ್ರೆ ನಿಮಗೂ ಕರುಳು ಚುರ್ ಅಂತಿತ್ತು. ಬೇರೆ ದ್ವೀಪ ಬೇಕಂದ್ರೆ ಬೇರೆ ಯಂತ್ರ, ಆಟದ ಇನ್ನೊಂದು ಪ್ರತಿ. ಅದಕ್ಕೊಂದು ಪೌಚು, ಒಂದು ಸ್ಕ್ರೀನ್ ಗಾರ್ಡು, ಒಂದು ಮೆಮೊರಿ ಕಾರ್ಡು. ಆನ್‌ಲೈನ್ ಚಂದಾ ಒಬ್ಬರದ್ದು ಸಾಲದೆ ಎಂಟು ಖಾತೆವರೆಗೂ ಆಗೋ ಫ್ಯಾಮಿಲಿ ಪ್ಲಾನು. ಕೂಡಿಸಿದ್ರೆ ದೊಡ್ಡ ಸ್ವಿಚ್ಚಿನ ಬೆಲೆ ಎಂದೋ ದಾಟಿದೆ. ಆದ್ರೆ ಈಗ ಮನೇಲಿ ಜಗಳ ಇಲ್ಲ. ಆ ನೆಮ್ಮದಿಗೆ ಕೊಟ್ಟ ದುಡ್ಡು ನನಗೆ ಹೆಚ್ಚು ಅನ್ನಿಸಿಲ್ಲ.

ಟಿವಿಗೆ ಹಾಕಿ ಆಡಿಸುವ ಅಪ್ಪ: ಮೇಡಂ, ದೊಡ್ಡದು ತಂದಿದ್ರೆ ಎರಡನೇದು ಬೇಕಾಗ್ತಾನೇ ಇರ್ಲಿಲ್ಲ. ಲೈಟ್ ಟಿವಿಗೆ ಸೇರಲ್ಲ, ಕಂಟ್ರೋಲರ್ ಬಿಚ್ಚೋಕೆ ಬರಲ್ಲ. ಮಗು ಹೊದಿಕೆ ಒಳಗೆ ಸೇರಿಕೊಂಡು ಏನು ಆಡ್ತಿದೆ ಅಂತ ಯಾರಿಗೂ ಕಾಣಲ್ಲ. ನಾವು ತಂದಿದ್ದು 2021ರಲ್ಲಿ ಬಂದ ಓಎಲ್‌ಇಡಿ ಮಾದರಿ, ಏಳು ಇಂಚಿನ ಪರದೆ. ಸಂಜೆ ಟಿವಿಗೆ ಜೋಡಿಸೋ ಡಾಕ್‌ನಲ್ಲಿ ಕೂರಿಸಿದ್ರೆ ಎರಡು ಕಡೆ ಕಂಟ್ರೋಲರ್ ಬಿಚ್ಚಿ ಇಬ್ಬರು ಆಡಬಹುದು, ಮನೆಯವರೆಲ್ಲ ಕೂತು ನೋಡಬಹುದು. ಒಂದು ಎಚ್ಚರಿಕೆ. ಅದರ ಗಾಜಿನ ಮೇಲೆ ಫ್ಯಾಕ್ಟರಿಯಲ್ಲೇ ಅಂಟಿಸಿದ ಒಂದು ತೆಳು ಪೊರೆ ಇರುತ್ತೆ, ಗಾಜು ಒಡೆದ್ರೆ ಚೂರು ಸಿಡೀಬಾರ್ದು ಅಂತ. ಅದನ್ನ ಕೀಳಬಾರದು. ನಮ್ಮ ಭಾವ, ಪಾಪ, ಹೊಸ ಫೋನಿನ ಮೇಲಿನ ಹಾಳೆ ಅನ್ಕೊಂಡು ಉಗುರಲ್ಲಿ ಒಂದು ಮೂಲೆ ಎಬ್ಬಿಸಿ ಪಟ್ಟಂತ ಎಳೆದ್ರು, ಅರ್ಧಕ್ಕೆ ಬಂತು. ಅದು ಮತ್ತೆ ಅಂಟಲಿಲ್ಲ. ಅದರ ಮೇಲೆ ಗಾರ್ಡ್ ಹಾಕಿಸಿದೆ, ಗುಳ್ಳೆ ಬಂತು, ತೆಗೆಸಿ ಇನ್ನೊಂದು ಹಾಕಿಸಿದೆ, ಅದಕ್ಕೂ ಗುಳ್ಳೆ. ಅಷ್ಟೂ ದುಡ್ಡು ನೀರಿಗೆ ಹೋಯ್ತು.

ಇಬ್ಬರು ಮಕ್ಕಳ ಅಮ್ಮ: ಸರ್, ನಾನು ಬರೆದಿದ್ದನ್ನ ಓದಿ ಆಮೇಲೆ ಹೇಳಿ. ದೊಡ್ಡ ಸ್ವಿಚ್ಚಲ್ಲೂ ಅನಿಮಲ್ ಕ್ರಾಸಿಂಗ್‌ಗೆ ಒಂದೇ ದ್ವೀಪ. ಟಿವಿಗೆ ಹಾಕಿದ ಮಾತ್ರಕ್ಕೆ ಎರಡಾಗಲ್ಲ. ಮತ್ತೆ ನಮ್ಮನೇಲಿ ಸಂಜೆ ರಿಮೋಟ್ ಇರೋದು ಮಾವನವರ ಕೈಲಿ. ಹೊದಿಕೆ ಒಳಗೆ ಏನು ಆಡ್ತಾರೆ ಅನ್ನೋದಕ್ಕೆ ಪೇರೆಂಟಲ್ ಕಂಟ್ರೋಲ್ ಆ್ಯಪ್ ಇದೆ. ಯಾವ ಆಟ ಎಷ್ಟು ಹೊತ್ತು ಅಂತ ನನ್ನ ಫೋನಿಗೇ ಬರುತ್ತೆ, ಮಲಗೋ ಹೊತ್ತು ಹಾಕಿಟ್ರೆ ಆಟ ತಾನೇ ನಿಲ್ಲೋ ಹಾಗೂ ಮಾಡಬಹುದು.

ರಿಪೇರಿ ಬೆಂಚಿನಿಂದ: ನನ್ನ ಹತ್ರ ಬರೋ ಯಂತ್ರಗಳಲ್ಲಿ ಪರದೆ ಒಡೆದವು ಕಡಿಮೆ, ಹೆಬ್ಬೆರಳಲ್ಲಿ ತಿರುಗಿಸೋ ಸ್ಟಿಕ್ ಕೆಟ್ಟವೇ ಹೆಚ್ಚು. ಕೈ ಬಿಟ್ರೂ ಬೊಂಬೆ ತಾನೇ ನಡ್ಕೊಂಡು ಹೋಗುತ್ತೆ, ಮಗು ಗಾಬರಿಯಾಗುತ್ತೆ. ಸಾಮಾನ್ಯ ಸ್ಟಿಕ್ಕಿನ ಒಳಗೆ ಕಾರ್ಬನ್ ಪದರದ ಮೇಲೆ ಸಣ್ಣ ಲೋಹದ ನಾಲಿಗೆ ಉಜ್ಜುತ್ತಾ ಇರುತ್ತೆ. ಉಜ್ಜಿ ಉಜ್ಜಿ ಪದರ ಸವೆಯುತ್ತೆ, ಪುಡಿ ಅಲ್ಲೇ ಕೂರುತ್ತೆ. ಕ್ಲೀನರ್ ಸ್ಪ್ರೇ ಹೊಡೆದ್ರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರು. ಕಂಟ್ರೋಲರ್ ಬಿಚ್ಚಿಕೊಳ್ಳೋ ಯಂತ್ರ ಆದ್ರೆ ಆ ಕಡೆಯದಷ್ಟೇ ಬದಲಾಯಿಸಿದ್ರೆ ಮುಗೀತು. ಲೈಟ್ ಥರದ್ದಾದ್ರೆ ಇಡೀ ಯಂತ್ರ ಬಿಚ್ಚಬೇಕು. ಲೈಟ್ ತಗೊಳ್ಳಿ ಅನ್ನೋರು ಈ ಖರ್ಚು ಯಾಕೆ ಹೇಳಲ್ಲ? ಆಯಸ್ಕಾಂತದಿಂದ ಕೆಲಸ ಮಾಡೋ ಹಾಲ್ ಎಫೆಕ್ಟ್ ಸ್ಟಿಕ್‌ಗಳಲ್ಲಿ ಈ ಉಜ್ಜಾಟ ಇಲ್ಲ. ನನ್ನ ಮಗಳದ್ದಕ್ಕೆ ಅದನ್ನೇ ಹಾಕಿದ್ದೀನಿ.

ಇಬ್ಬರು ಮಕ್ಕಳ ಅಮ್ಮ: ನಮ್ಮ ಎರಡೂ ಇವತ್ತಿಗೂ ಸರಿಯಾಗಿವೆ. ಕೆಟ್ಟವು ಮಾತ್ರ ನಿಮ್ಮ ಬೆಂಚಿಗೆ ಬರ್ತವೆ, ಸರಿಯಿರೋವು ನಿಮಗೆ ಹೇಗೆ ಕಾಣಬೇಕು?

ಹಳೇ ಆಟದ ಚಿಕ್ಕಪ್ಪ: ಪುಟ್ಟ ಯಂತ್ರದ ಬಗ್ಗೆ ಕೇಳಿದ್ದೀರಿ, ಅದನ್ನ ಯಾರೂ ಹೇಳ್ತಿಲ್ಲ. ಅಣ್ಣನ ಮಗನಿಗೆ ನಾನು ಕೊಡಿಸಿದ್ದು ಅದೇ. 1989ರಲ್ಲಿ ಬಂದ ಗೇಮ್ ಬಾಯ್‌ನ ಆಕಾರ, ಜೇಬಲ್ಲಿ ಹಿಡಿಯುತ್ತೆ, ನಾಲ್ಕು ಸೆಲ್ ಹಾಕೋ ಕಾಟ ಇಲ್ಲ, ಚಾರ್ಜ್ ಮಾಡಿದ್ರೆ ಆಯ್ತು. ಬೆಲೆ ದೊಡ್ಡ ಯಂತ್ರದ ಒಂದೆರಡು ಆಟದಷ್ಟು. ಆದ್ರೆ ಒಳಗೆ ಸಾವಿರಗಟ್ಟಲೆ ಆಟ, ಒಂದೇ ಆಟ ನಾಲ್ಕು ಹೆಸರಲ್ಲಿ, ಕೆಲವಕ್ಕೆ ಓದೋಕೇ ಬರದ ಹೆಸರು. ಹುಡುಗ ಆಡಲೇ ಇಲ್ಲ, ಪಟ್ಟಿ ಉರುಳಿಸ್ತಾನೇ ಕೂತಿದ್ದ. ನಾನು ಕೂತು ಹತ್ತಿಪ್ಪತ್ತು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದೆ, ಆಮೇಲೆ ನೋಡಿ ಆಡೋಕೆ ಶುರು ಮಾಡಿದ್ದು. ಜೊತೆಗೆ ಬರೋ ಮೆಮೊರಿ ಕಾರ್ಡ್ ನಂಬಬೇಡಿ. ನಮ್ಮದು ಸದ್ದಿಲ್ಲದೆ ಸತ್ತುಹೋಯ್ತು, ಅವನು ಮುಗಿಸ್ತಾ ಬಂದಿದ್ದ ಆಟವೂ ಅದರ ಜೊತೆ ಹೋಯ್ತು. ಒಳ್ಳೇ ಕಾರ್ಡಿಗೆ ಮೊದಲೇ ಕಾಪಿ ಮಾಡಿಡಿ.

ಕಾರ್ಡ್ ಮಾತ್ರ ಕೊಳ್ಳುವವನು: ಆ ಸಾವಿರ ಆಟಕ್ಕೆ ಮಾಡಿದವರಿಗೆ ಒಂದು ಕಾಸಾದ್ರೂ ಹೋಗಿದೆಯಾ? ಕದ್ದ ಮಾಲನ್ನ ಮಗುವಿಗೆ ಉಡುಗೊರೆ ಅಂತ ಕೊಡೋದು ನನಗೆ ಸರಿ ಕಾಣಲ್ಲ.

ಹಳೇ ಆಟದ ಚಿಕ್ಕಪ್ಪ: ಅದರಲ್ಲಿ ಎಷ್ಟೋ ಆಟ ಈಗ ದುಡ್ಡು ಕೊಡ್ತೀನಿ ಅಂದ್ರೂ ಹೊಸದಾಗಿ ಸಿಗಲ್ಲ. ಬುದ್ಧಿವಾದ ಆಮೇಲೆ ಹೇಳಿ, ಮೊದಲು ಅವು ಸಿಗೋ ದಾರಿ ಹೇಳಿ.

ಕಾರ್ಡ್ ಮಾತ್ರ ಕೊಳ್ಳುವವನು: ಸಿಗಲ್ಲ ಅಂದ್ರೆ ಕದಿಯಬಹುದು ಅಂತಲ್ಲ. ಸಿಗದೆ ಹೋಗೋದು ಯಾಕೆ ಅಂತ ನನಗೆ ಗೊತ್ತು. ನಿಂಟೆಂಡೊದ ಹಳೇ ಯಂತ್ರ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ಕ್ಕೆ ಮಾರಾಟ ನಿಲ್ಲಿಸಿತು. ಬರೀ ಡೌನ್‌ಲೋಡ್ ರೂಪದಲ್ಲೇ ಬಂದಿದ್ದ ಆಟಗಳನ್ನ ಅಂದಿನಿಂದ ಹೊಸದಾಗಿ ಕೊಳ್ಳೋ ಹಾಗಿಲ್ಲ. ಅದಕ್ಕೇ ನಾನು ಯಾವತ್ತೂ ಆಟ ತುಂಬಿರೋ ಕಾರ್ಡೇ ಕೊಳ್ಳೋದು. ಆಡಿ ಮುಗಿಸಿದ್ಮೇಲೆ ಮಾರಬಹುದು, ಸ್ನೇಹಿತರಿಗೆ ಕೊಡಬಹುದು. ನನ್ನ ಮಗ ಎರಡು ಕಾರ್ಡ್ ಮಾರಿ ಬಂದ ದುಡ್ಡಲ್ಲೇ ಮೂರನೇದು ತಗೊಂಡ.

ಡೌನ್‌ಲೋಡ್ ಅತ್ತೆ: ಕಾರ್ಡು ಕಾರ್ಡು ಅಂತೀರಿ. ಹೆಬ್ಬೆರಳಿನ ಉಗುರಿನಷ್ಟಗಲ ಇರೋ ಅದನ್ನ ಐದು ವರ್ಷದ ಮಗು ಇರೋ ಮನೇಲಿ ಎಲ್ಲಿಡ್ತೀರಿ? ನಮ್ಮ ಚಿಕ್ಕದು ಬಾಯಿಗೆ ಹಾಕ್ಕೊಂಡು ಮುಖ ಹಿಂಡಿ ಥೂ ಅಂತ ಉಗೀತು. ಸ್ವಿಚ್ ಕಾರ್ಡಿಗೆ ಡೆನಟೋನಿಯಂ ಬೆಂಜೋಯೇಟ್ ಅನ್ನೋ ಕಡು ಕಹಿ ಬಳಿದಿರ್ತಾರೆ, ಅದರಿಂದ ಬಚಾವಾದ್ವಿ. ಎರಡು ಕಾರ್ಡ್ ಸೋಫಾ ಸಂದಿಯಲ್ಲಿ ಹೋದವು, ಮೂರನೇದು ಏನಾಯ್ತೋ ಗೊತ್ತಿಲ್ಲ. ಅಷ್ಟೂ ಪೂರ್ತಿ ಬೆಲೆಯವು. ಅಂದಿನಿಂದ ಡೌನ್‌ಲೋಡೇ. 3ಡಿಎಸ್‌ನಲ್ಲೂ ಆಗ ಕೊಂಡವರು ಈಗಲೂ ಮತ್ತೆ ಇಳಿಸಿಕೊಳ್ಳಬಹುದು, ಅದನ್ನ ಯಾಕೆ ಮುಚ್ಚಿಡ್ತೀರಿ? 2025ರಿಂದ ಸ್ವಿಚ್‌ನಲ್ಲಿ ಡೌನ್‌ಲೋಡ್ ಆಟವನ್ನೂ ಫ್ಯಾಮಿಲಿ ಗ್ರೂಪಿನೊಳಗೆ ಎರಡು ವಾರಕ್ಕೆ ಎರವಲು ಕೊಡಬಹುದು.

ಕಾರ್ಡ್ ಮಾತ್ರ ಕೊಳ್ಳುವವನು: ನಿಮ್ಮ ಗ್ರೂಪಿನ ಒಳಗೆ ಮಾತ್ರ. ಪಕ್ಕದ ಮನೆ ಹುಡುಗನಿಗೆ ಕೊಡ್ತೀರಾ? ಮಾರ್ತೀರಾ? ಇಲ್ಲ ತಾನೆ.

ಡೌನ್‌ಲೋಡ್ ಅತ್ತೆ: ಮತ್ತೆ ಸ್ವಿಚ್ ಆದ್ಮೇಲೆ ಬಂದ ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಅಂತ ಬಂದಿದೆಯಲ್ಲ, ಅದಕ್ಕೇನಂತೀರಿ? ಕಾರ್ಡ್ ಒಳಗೆ ಆಟವೇ ಇಲ್ಲ, ಕೀ ಮಾತ್ರ. ಇಳಿಸಿಕೊಳ್ಳೋದೂ ಬೇಕು, ಆಡುವಾಗ ಕಾರ್ಡು ಒಳಗಿರ್ಲೂ ಬೇಕು.

ಕಾರ್ಡ್ ಮಾತ್ರ ಕೊಳ್ಳುವವನು: ಅದನ್ನ ನಾನೂ ಕೊಳ್ಳಲ್ಲ. ಡಬ್ಬಿ ಮೇಲೆ ಬರೆದಿರ್ತಾರೆ, ಓದಿ ತಗೊಳ್ಳಬೇಕು.

ಟಿವಿಗೆ ಹಾಕಿ ಆಡಿಸುವ ಅಪ್ಪ: ಸ್ವಿಚ್ 2 ಮಾತು ಬಂತು ಅಂತ ಹೇಳ್ತೀನಿ. ಅದರಲ್ಲಿ ಆಟ ಇಡೋಕೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಬೇರೆ ಬಗೆಯ ಮೆಮೊರಿ ಕಾರ್ಡೇ ಬೇಕು. ಹಳೇ ಸ್ವಿಚ್ಚಿಗೆ ಅಂತ ನಾನು ಕೊಂಡಿಟ್ಟ ದೊಡ್ಡ ಕಾರ್ಡ್ ಡ್ರಾಯರ್‌ನಲ್ಲಿ ಸುಮ್ಮನೆ ಬಿದ್ದಿದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕಾರ್ಡು-ಡೌನ್‌ಲೋಡ್ ಆಮೇಲೆ ನೋಡ್ಕೊಳ್ತೀನಿ. ಲೈಟಾ, ದೊಡ್ಡದಾ? ದಿನ ಹತ್ರ ಬರ್ತಿದೆ.

ರಿಪೇರಿ ಬೆಂಚಿನಿಂದ: ಕಂಟ್ರೋಲರ್ ಬಿಚ್ಚೋಕೆ ಬರೋ ದೊಡ್ಡದೇ. ಯಾವುದೇ ತಂದ್ರೂ ಹಿಂದಿನ ರಾತ್ರಿಯೇ ಡಬ್ಬಿ ತೆಗೆದು ಪೂರ್ತಿ ಚಾರ್ಜ್ ಮಾಡಿ, ಅಪ್‌ಡೇಟ್ ಹಾಕಿ, ಮಗುವಿನ ಖಾತೆ ನಿಮ್ಮ ಅಕ್ಕನ ಫೋನಲ್ಲೇ ಮಾಡಿಸಿಡಿ. ಹುಡುಗ ಡಬ್ಬಿ ಬಿಚ್ಚಿದ್ಮೇಲೆ ಅಪ್‌ಡೇಟ್ ಮುಗಿಯೋವರೆಗೂ ಸುಮ್ಮನೆ ಕೂರಲ್ಲ.

ಇಬ್ಬರು ಮಕ್ಕಳ ಅಮ್ಮ: ತಂಗಿಗೂ ಅದೇ ದಿನ ಒಂದು ಪ್ರೊಫೈಲ್ ಮಾಡಿಡಿ. ಮತ್ತೆ ನನ್ನ ಓಟು ಲೈಟಿಗೇ, ಬೆಂಚಿನವರು ಏನೇ ಹೇಳಲಿ.