ಮ್ಯೋಡ್ಲರಾಯ್ಟ್: ಐವತ್ತು ಜನರ ಹಳ್ಳಿಗೆ 700 ಮೀಟರ್ ಗೋಡೆ. ಗಡಿ ಎಲ್ಲಿತ್ತು, ಈಗ ನೋಡೋದು ಹೇಗೆ?

ದಾರಿಹೋಕ (ಪ್ರಶ್ನೆ)

ಜರ್ಮನಿಯ ಹೋಫ್ ನಗರದಲ್ಲಿ ಒಂದು ದಿನ ಬಿಡುವು ಸಿಗುತ್ತಿದೆ. ಅಲ್ಲಿಂದ ಮ್ಯೋಡ್ಲರಾಯ್ಟ್‌ಗೆ ಹೋಗಿಬರುವ ಯೋಚನೆ. ಪೂರ್ವ, ಪಶ್ಚಿಮ ಜರ್ಮನಿಗಳ ಗಡಿ ಊರ ನಡುವೆಯೇ ಹಾದುಹೋಗಿದ್ದ, ಅಮೆರಿಕದ ಸೈನಿಕರು ‘ಲಿಟಲ್ ಬರ್ಲಿನ್’ ಅಂತ ಕರೆಯುತ್ತಿದ್ದ ಹಳ್ಳಿ ಅನ್ನುವಷ್ಟು ಗೊತ್ತು. ಅದಕ್ಕಿಂತ ಮುಂದೆ ಓದಿದಷ್ಟೂ ಗೊಂದಲ. ಹೊಳೆಯೇ ಗಡಿ ಅಂತ ಒಬ್ಬರು, ಗೋಡೆಯೇ ಗಡಿ ಅಂತ ಇನ್ನೊಬ್ಬರು. ಈ ಗೋಡೆ ಬರ್ಲಿನ್ ಗೋಡೆಯ ಜೊತೆಗೇ ಎದ್ದದ್ದೋ, ಆಮೇಲಿನದೋ? ಈಗ ಅಲ್ಲಿರುವುದರಲ್ಲಿ ಹಳೆಯ ಜಾಗದಲ್ಲೇ ಉಳಿದದ್ದು ಯಾವುದು, ತಂದು ನಿಲ್ಲಿಸಿದ್ದು ಯಾವುದು? ಕಾರಿಲ್ಲ. ರೈಲು, ಬಸ್ಸು, ಬೇಕಾದರೆ ನಡಿಗೆ. ತಿಳಿದವರು ಹೇಳಿ.

ಗಡಿಕಲ್ಲು

ಗಡಿ ಹೊಳೆಯಲ್ಲಿತ್ತು, ಗೋಡೆಯಲ್ಲಲ್ಲ. ಇದೊಂದು ತಲೆಯಲ್ಲಿ ಕೂತರೆ ಊರು ಅರ್ಧ ಅರ್ಥವಾದ ಹಾಗೆ.

ಹೊಳೆಯ ಹೆಸರು ಟಾನ್‌ಬಾಖ್. ಹೊಳೆ ಅನ್ನುವುದೂ ಹೆಚ್ಚೇ, ಊರೊಳಗೆ ಒಂದೆರಡು ಹೆಜ್ಜೆಯಲ್ಲಿ ದಾಟುವಂಥ ತೊರೆ ಅದು. ಪಶ್ಚಿಮಕ್ಕೆ ಹರಿದು ಝಾಲೆ ನದಿ ಸೇರುತ್ತೆ, ಝಾಲೆ ಮುಂದೆ ಎಲ್ಬೆಗೆ. ದಕ್ಷಿಣದ ದಡ ಬವೇರಿಯಾ ರಾಜ್ಯದ್ದು, ಟ್ಯೋಪೆನ್ ಪಂಚಾಯಿತಿಗೆ ಸೇರಿದ್ದು. ಉತ್ತರದ ದಡ ಥುರಿಂಗಿಯಾ ರಾಜ್ಯದ ಗೆಫೆಲ್ ಪಟ್ಟಣದ ವ್ಯಾಪ್ತಿ.

ಈ ಗಡಿ 1945ರಲ್ಲಿ ಹುಟ್ಟಿದ್ದಲ್ಲ. ನೆಪೋಲಿಯನ್ 1810ರಲ್ಲಿ ಬೈರಾಯ್ಟ್ ಪ್ರಾಂತ್ಯವನ್ನು ಬವೇರಿಯಾಕ್ಕೆ ಬಿಟ್ಟುಕೊಟ್ಟಾಗ ಬವೇರಿಯಾ ರಾಜ್ಯ ಮತ್ತು ರಾಯ್ಸ್ ಸಂಸ್ಥಾನದ ನಡುವೆ ಟಾನ್‌ಬಾಖ್ ಗುಂಟ ಕಲ್ಲು ನೆಟ್ಟರು. ಒಂದು ಮುಖದಲ್ಲಿ ‘ಕೆಬಿ’, ಅಂದರೆ ಬವೇರಿಯಾ ರಾಜ್ಯ. ಇನ್ನೊಂದು ಮುಖದಲ್ಲಿ ‘ಎಫ್‌ಆರ್’, ರಾಯ್ಸ್ ಸಂಸ್ಥಾನ. ಅಂಥ ಕಲ್ಲು ಕಣ್ಣಿಗೆ ಬಿದ್ದರೆ ಬಗ್ಗಿ ನೋಡಿ, ಅಕ್ಷರ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿನ ನೆಲ ಆ ರಾಜ್ಯದ್ದು. 1920ರಲ್ಲಿ ರಾಯ್ಸ್ ಮತ್ತಿತರ ಪುಟ್ಟ ಸಂಸ್ಥಾನಗಳು ಸೇರಿ ಥುರಿಂಗಿಯಾ ರಾಜ್ಯವಾಯಿತು, ಗೆರೆ ಇದ್ದಲ್ಲೇ ಉಳಿಯಿತು. ಆ ಕಾಲದಲ್ಲಿ ಅದು ತೆರಿಗೆ, ಕಂದಾಯ ಕಟ್ಟುವಾಗ ಮಾತ್ರ ನೆನಪಾಗುತ್ತಿದ್ದ ಗೆರೆ. ಶಾಲೆ, ಹೋಟೆಲು ಥುರಿಂಗಿಯಾ ದಡದಲ್ಲಿ. ಚರ್ಚಿಗೆ ಹೋಗಬೇಕಾದರೆ ಬವೇರಿಯಾದ ಟ್ಯೋಪೆನ್‌ಗೆ. ಎರಡೂ ದಡದವರಿಗೆ ಎರಡೂ ಬೇಕಿತ್ತು.

1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಂತು. ಜುಲೈನಲ್ಲಿ ಒಪ್ಪಂದದ ಪ್ರಕಾರ ಥುರಿಂಗಿಯಾವನ್ನು ಸೋವಿಯತ್ ಸೇನೆಗೆ ಬಿಟ್ಟು ಹೊರಟಿತು. ಹಳೇ ಕಲ್ಲಿನ ಗೆರೆಯೇ ಎರಡು ಸೇನೆಗಳ ಗಡಿಯಾಯಿತು, 1949ರಲ್ಲಿ ಎರಡು ದೇಶಗಳ ಗಡಿ: ಥುರಿಂಗಿಯಾ ದಡ ಪೂರ್ವ ಜರ್ಮನಿ, ಬವೇರಿಯಾ ದಡ ಪಶ್ಚಿಮ ಜರ್ಮನಿ. ಆಗಲೂ ಪಾಸು ಹಿಡಿದು ಅತ್ತಿತ್ತ ಓಡಾಡುವುದಿತ್ತು. ಕತ್ತರಿ ಬಿದ್ದದ್ದು 1952ರ ಮೇ 26ರ ಪೂರ್ವ ಜರ್ಮನಿಯ ಆದೇಶದಿಂದ. ಗಡಿಗೆ ಅಂಟಿಕೊಂಡ 10 ಮೀಟರ್ ಪಟ್ಟಿಯನ್ನು ಉತ್ತು ಬೋಳು ಮಾಡಿದರು. 500 ಮೀಟರ್‌ವರೆಗಿನದು ರಕ್ಷಣಾ ಪಟ್ಟಿ, 5 ಕಿ.ಮೀ. ಒಳಗಿನದೆಲ್ಲ ನಿರ್ಬಂಧಿತ ವಲಯ. ಇಡೀ ಗಡಿಯುದ್ದಕ್ಕೂ ‘ನಂಬಿಕೆಗೆ ಅರ್ಹರಲ್ಲ’ ಎಂದು ಹಣೆಪಟ್ಟಿ ಹಚ್ಚಿ ಸಾವಿರಾರು ಜನರನ್ನು ರಾತ್ರೋರಾತ್ರಿ ಒಕ್ಕಲೆಬ್ಬಿಸಿದ್ದು ಅದೇ ಜೂನ್‌ನಲ್ಲಿ. ಮ್ಯೋಡ್ಲರಾಯ್ಟ್‌ನ ಪೂರ್ವ ಭಾಗ ಪೂರ್ತಿ ಆ 500 ಮೀಟರ್ ಒಳಗೇ ಬರುತ್ತಿತ್ತು. ರಾತ್ರಿ ಹೊರಗೆ ಓಡಾಡುವಂತಿಲ್ಲ, ಅನುಮತಿಯಿಲ್ಲದೆ ನೆಂಟರೂ ಬರುವಂತಿಲ್ಲ. ಆಚೆ ದಡದವರಿಗೆ ಕೈ ಬೀಸುವುದೂ ತಪ್ಪು.

ಗೋಡೆ ಬರ್ಲಿನ್ ಗೋಡೆಯ ಜೊತೆಗಿನದಲ್ಲ. ಬರ್ಲಿನ್‌ನದು 1961. ಇಲ್ಲಿ ಮೊದಲು ಹಲಗೆ ಬೇಲಿ, ಆಮೇಲೆ ಮುಳ್ಳುತಂತಿ, ಕಾಂಕ್ರೀಟ್ ಗೋಡೆ ಬಂದದ್ದು 1966ರಲ್ಲಿ. ಉದ್ದ ಸುಮಾರು 700 ಮೀಟರ್, ಎತ್ತರ 3.3 ಮೀಟರ್.

ಕಾವಲುಗೋಪುರ

ಗಡಿಕಲ್ಲು ಅವರು ಹೇಳಿದ್ದಕ್ಕೆ ಸೇರಿಸುವುದು ಒಂದಿದೆ. ನೋಡುವ ದಿಕ್ಕು ಮುಖ್ಯ. ಹೋಫ್ ಕಡೆಯಿಂದ ಬಂದವರು ಬವೇರಿಯಾ ದಡದಲ್ಲಿ ನಿಂತು, ಗೋಡೆಯ ಫೋಟೊ ತೆಗೆದುಕೊಂಡು ಮುಗಿಸುತ್ತಾರೆ. ಆದರೆ ಗೋಡೆ ಆ ವ್ಯವಸ್ಥೆಯ ಕೊಟ್ಟಕೊನೆಯ ಅಡ್ಡಿ. ಥುರಿಂಗಿಯಾ ಕಡೆಯಿಂದ ಹೊಳೆಯತ್ತ ನಡೆದು ಬನ್ನಿ. ತಪ್ಪಿಸಿಕೊಳ್ಳಲು ಹೊರಟವನಿಗೆ ಒಂದಾದಮೇಲೊಂದು ಏನೇನು ಎದುರಾಗುತ್ತಿತ್ತು ಅನ್ನುವುದು ಆಗ ತಿಳಿಯುತ್ತೆ.

ಮೊದಲ ಅಡ್ಡಿ ಸಂಕೇತ ಬೇಲಿ. ತಂತಿ ಮುಟ್ಟಿದರೆ ಅಥವಾ ಕತ್ತರಿಸಿದರೆ ಕಾವಲು ಠಾಣೆಗೆ ಸುದ್ದಿ ಮುಟ್ಟುತ್ತಿತ್ತು. ಬಹಳಷ್ಟು ಜನ ಸಿಕ್ಕಿಬೀಳುತ್ತಿದ್ದದ್ದು ಇಲ್ಲೇ, ಗಡಿಗೆರೆ ಇನ್ನೂ ನೂರಾರು ಮೀಟರ್ ದೂರ ಇರುವಾಗಲೇ. ಆಮೇಲೆ ಗಸ್ತು ರಸ್ತೆ: ಸಮಾನಾಂತರವಾಗಿ ಹಾಸಿದ ತೂತು ಕಾಂಕ್ರೀಟ್ ಚಪ್ಪಡಿಗಳ ಎರಡು ಸಾಲು, ಸೇನಾ ವಾಹನದ ಎರಡು ಗಾಲಿಗೆ ತಕ್ಕ ಹಾಗೆ. ಅದರ ಪಕ್ಕ 6 ಮೀಟರ್ ಅಗಲದ ಮಣ್ಣಿನ ಪಟ್ಟಿ. ಅದನ್ನು ಕುಂಟೆ ಹೊಡೆದು ನಯವಾಗಿ ಇಟ್ಟಿರುತ್ತಿದ್ದರು, ಹೆಜ್ಜೆ ಗುರುತು ಬಿದ್ದರೆ ಎಲ್ಲಿ ದಾಟಿದ, ಯಾವ ಕಡೆಗೆ ಹೋದ ಅನ್ನುವುದು ಮುಂದಿನ ಗಸ್ತಿಗೆ ಕಾಣುವಂತೆ. ಹುಲ್ಲು ಬೆಳೆದರೆ ಪಟ್ಟಿ ಕೆಲಸಕ್ಕೆ ಬಾರದು, ಅದಕ್ಕೇ ಕಳೆನಾಶಕ ಸುರಿಯುತ್ತಿದ್ದರು.

ಮಣ್ಣಿನ ಪಟ್ಟಿಯ ಆಚೆ ವಾಹನ ತಡೆಯುವ ಕಂದಕ. ಇದರ ಆಕಾರವನ್ನು ಸರಿಯಾಗಿ ನೋಡಿ. ಪೂರ್ವ ಜರ್ಮನಿಯ ಕಡೆಯ ಬದಿ ಇಳಿಜಾರು. ಪಶ್ಚಿಮದ ಬದಿ ಕಡಿದು ನಿಲ್ಲಿಸಿದಂತಿದೆ, ಅದಕ್ಕೆ ಕಾಂಕ್ರೀಟ್ ಚಪ್ಪಡಿ ಒರಗಿಸಿದ್ದಾರೆ. ಒಳಗಿನಿಂದ ಲಾರಿ ನುಗ್ಗಿಸಿದರೆ ಇಳಿಜಾರಲ್ಲಿ ಇಳಿದು ಚಪ್ಪಡಿಗೆ ಮೂತಿ ಗುದ್ದಿಕೊಳ್ಳುತ್ತೆ. ಪಶ್ಚಿಮದ ಶತ್ರುವಿನಿಂದ ರಕ್ಷಣೆ ಅಂತ ಸರ್ಕಾರ ಹೇಳುತ್ತಿತ್ತು. ಹಾಗಿದ್ದರೆ ಚಪ್ಪಡಿ ಇನ್ನೊಂದು ಬದಿಯಲ್ಲಿ ಇರಬೇಕಿತ್ತು. ಎಷ್ಟು ಪುಸ್ತಕ ಓದಿದರೂ ಇದಕ್ಕಿಂತ ನೇರವಾದ ಸಾಕ್ಷಿ ಸಿಗೋದು ಕಷ್ಟ.

ಊರಾಚೆ ಕೊನೆಯ ಅಡ್ಡಿ ಲೋಹದ ಜಾಲರಿ ಬೇಲಿ. ಜಾಲರಿಯ ಕಣ್ಣು ಎಷ್ಟು ಚಿಕ್ಕದೆಂದರೆ ಬೆರಳು ಸಿಕ್ಕಿಸಿ ಹತ್ತಲಾಗದು. ಎರಡು ಜರ್ಮನಿಗಳ ಗಡಿಯುದ್ದಕ್ಕೂ ಅನೇಕ ಕಡೆ ಇಂಥ ಬೇಲಿಗೆ 1970ರಿಂದ ಎಸ್‌ಎಂ-70 ಎಂಬ ತಾನಾಗಿ ಸಿಡಿಯುವ ಸಾಧನ ಕಟ್ಟಿದ್ದರು. ತಂತಿ ಅಲುಗಿದರೆ ಬೇಲಿಯ ಗುಂಟ ಉಕ್ಕಿನ ಚೂರು ಚಿಮ್ಮುತ್ತಿತ್ತು. 1984ರ ಕೊನೆಗೆ ಅವನ್ನೆಲ್ಲ ಕಳಚಿದರು.

ಹಾಗಾದರೆ ಊರೊಳಗೆ ಗೋಡೆ ಯಾಕೆ? ಒಂದು, ಮನೆಗಳು ಹೊಳೆಗೆ ತೀರಾ ಹತ್ತಿರ, ಇಷ್ಟೆಲ್ಲ ಪದರಗಳನ್ನು ಅಗಲವಾಗಿ ಹರಡಲು ಜಾಗವಿರಲಿಲ್ಲ. ಎರಡು, ಜಾಲರಿಯಿಂದ ಆಚೆ ಕಾಣುತ್ತೆ. ಕಾಣಬಾರದು ಅನ್ನುವುದೇ ಉದ್ದೇಶವಾಗಿತ್ತು.

ಗೋಡೆ ನಿಂತದ್ದು ಹೊಳೆಯಿಂದ ಒಂದಿಷ್ಟು ಒಳಗೆ, ಪೂರ್ವ ಜರ್ಮನಿಯ ನೆಲದಲ್ಲಿ. ಅಂದರೆ ಗೋಡೆಗೂ ಹೊಳೆಗೂ ನಡುವಿನ ಹುಲ್ಲೂ ಪೂರ್ವದ್ದೇ. ಪಶ್ಚಿಮದವರು ಗೋಡೆ ಮುಟ್ಟಿ ಬರೋಣ ಅಂತ ಹೊಳೆ ದಾಟಿದರೆ ಗೋಡೆ ಮುಟ್ಟುವ ಮೊದಲೇ ವಿದೇಶದಲ್ಲಿ ಇರುತ್ತಿದ್ದರು, ಬಂಧಿಸಲು ಅಷ್ಟು ಸಾಕು. ಬವೇರಿಯಾ ದಡದಲ್ಲಿ ಎಚ್ಚರಿಕೆ ಫಲಕ ಹಾಕಿದ್ದು ಇದಕ್ಕೇ.

ದಾರಿಹೋಕ

ಕಂದಕದ ವಿಷಯ ಎಲ್ಲೂ ಓದಿರಲಿಲ್ಲ, ಧನ್ಯವಾದ ಸರ್. ಈಗ ಅಲ್ಲಿ ನಿಂತಿರುವುದೆಲ್ಲ ಹಳೆಯದೇನಾ? ಇಡೀ 700 ಮೀಟರ್ ಇದೆಯಾ?

ಕಾವಲುಗೋಪುರ

ಇಲ್ಲ. 1989ರ ಡಿಸೆಂಬರ್ 9ರಂದು ಮೊದಲು ನಡೆದು ಹೋಗುವವರಿಗೆ ದಾರಿ ಬಿಟ್ಟರು. 1990ರ ಜೂನ್ 17ರಂದು ಯಂತ್ರ ತಂದು ಗೋಡೆ ಕೆಡವಿದರು. ಜರ್ಮನಿ ಒಂದಾದದ್ದು ಅಕ್ಟೋಬರ್ 3ರಂದು, ಅಂದರೆ ದೇಶ ಎರಡಿದ್ದಾಗಲೇ ಗೋಡೆ ಹೋಯಿತು. ಸುಮಾರು 100 ಮೀಟರ್ ಮಾತ್ರ ನೆನಪಿಗೆ ಅಂತ ಉಳಿಸಿಕೊಂಡರು. ಆ ಭಾಗ ಹಳೆಯ ಜಾಗದಲ್ಲೇ ಇದೆ, ಕಾವಲು ಗೋಪುರವೂ ಇದೆ. ಬೇಲಿಗಳ ಬೇರೆ ಬೇರೆ ತಲೆಮಾರುಗಳನ್ನು ಮಾತ್ರ ವಸ್ತುಸಂಗ್ರಹಾಲಯದವರು ಬಯಲಲ್ಲಿ ಮರುಜೋಡಿಸಿ ನಿಲ್ಲಿಸಿದ್ದಾರೆ. ಪಕ್ಕಪಕ್ಕದಲ್ಲಿ ಕಂಡದ್ದೆಲ್ಲ ಒಂದೇ ಕಾಲದಲ್ಲಿ ಅಲ್ಲೇ ಇತ್ತು ಅಂದುಕೊಳ್ಳಬೇಡಿ. 1950ರ ದಶಕದ ಮರದ ಕಂಬದ ಬೇಲಿಯೂ 1980ರ ದಶಕದ ಜಾಲರಿಯೂ ಒಟ್ಟಿಗೆ ನಿಂತಿರಲಿಲ್ಲ. ಫಲಕದಲ್ಲಿರುವ ಇಸವಿ ಓದುತ್ತಾ ಹೋಗಿ.

ವೇಳಾಪಟ್ಟಿ

ಪ್ರಯಾಣದ ಮಾತು. ಹೋಫ್ ಮುಖ್ಯ ನಿಲ್ದಾಣದಿಂದ ಊರು ಉತ್ತರಕ್ಕೆ ಸುಮಾರು 15 ಕಿ.ಮೀ. ಮ್ಯೋಡ್ಲರಾಯ್ಟ್‌ಗೆ ರೈಲಿಲ್ಲ. ಟ್ಯೋಪೆನ್‌ವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಸುಮಾರು ಮೂರು ಕಿ.ಮೀ. ನಡೆಯುವುದು ಒಳ್ಳೆಯ ಲೆಕ್ಕ. ಟ್ಯಾಕ್ಸಿ ಹಿಡಿದರೆ ವಾಪಸ್ ಬರುವ ಸಮಯವನ್ನೂ ಆಗಲೇ ಹೇಳಿಬಿಡಿ, ಊರಲ್ಲಿ ನಿಂತು ಕೈ ಅಡ್ಡ ಹಾಕಿದರೆ ಯಾವುದೂ ಬರುವುದಿಲ್ಲ. ಸೈಕಲ್ ಆದರೆ ಇನ್ನೂ ಚೆನ್ನ, ಆದರೆ ಏರಿಳಿತ ಇದೆ.

ಜನ ಎಡವುವುದು ಬಸ್ಸಿನ ವೇಳಾಪಟ್ಟಿಯಲ್ಲಿ. ಜರ್ಮನಿಯ ಹಳ್ಳಿ ಬಸ್ಸುಗಳು ಹೆಚ್ಚಾಗಿ ಶಾಲಾ ಮಕ್ಕಳಿಗಾಗಿ ಓಡುವಂಥವು. ವೇಳಾಪಟ್ಟಿಯಲ್ಲಿ ಸಮಯದ ಪಕ್ಕ ‘ಎಸ್’ ಇದ್ದರೆ ಶಾಲೆ ಇರುವ ದಿನ ಮಾತ್ರ, ‘ಎಫ್’ ಇದ್ದರೆ ರಜೆಯ ದಿನ ಮಾತ್ರ. ಶಾಲೆಯ ರಜೆ ರಾಜ್ಯಕ್ಕೊಂದು ಥರ. ಹೋಫ್ ಕಡೆಯ ಬಸ್ಸಿಗೆ ಬವೇರಿಯಾದ ರಜಾಪಟ್ಟಿ ನೋಡಬೇಕು, ಗೆಫೆಲ್ ಅಥವಾ ಶ್ಲೈಟ್ಸ್ ಕಡೆಯದಕ್ಕೆ ಥುರಿಂಗಿಯಾದ್ದು.

ಸಾರ್ವಜನಿಕ ರಜೆಯಲ್ಲೂ ಇದೇ ಪಾಡು. ಅಕ್ಟೋಬರ್ 31 ಥುರಿಂಗಿಯಾದಲ್ಲಿ ರಜೆ, ಬವೇರಿಯಾದಲ್ಲಿ ಕೆಲಸದ ದಿನ. ಮಾರನೇ ದಿನ, ನವೆಂಬರ್ 1, ಬವೇರಿಯಾಕ್ಕೆ ರಜೆ, ಥುರಿಂಗಿಯಾಕ್ಕೆ ಇಲ್ಲ. ಜನವರಿ 6 ಬವೇರಿಯಾದಲ್ಲಿ ಮಾತ್ರ. ಸೆಪ್ಟೆಂಬರ್ 20, ಮಕ್ಕಳ ದಿನ, 2019ರಿಂದ ಥುರಿಂಗಿಯಾದಲ್ಲಿ ಮಾತ್ರ. ರಜೆಯ ದಿನ ಜರ್ಮನಿಯಲ್ಲಿ ಅಂಗಡಿ ತೆರೆಯುವುದಿಲ್ಲ. ಬುತ್ತಿ, ನೀರು ಹೋಫ್‌ನಲ್ಲೇ ಕಟ್ಟಿಕೊಳ್ಳಿ.

ಐವತ್ತು ಜನರ ಊರಿಗೆ ಇಂದಿಗೂ ಎರಡು ಪಿನ್‌ಕೋಡ್: ಬವೇರಿಯಾ ದಡಕ್ಕೆ 95183, ಥುರಿಂಗಿಯಾ ದಡಕ್ಕೆ 07926. ಟೆಲಿಫೋನ್ ಕೋಡ್ ಕೂಡ ಎರಡು, 09295 ಮತ್ತು 036649. ಕಾರಿನ ನಂಬರ್ ಪ್ಲೇಟ್ ‘ಎಚ್‌ಒ’ ಇದ್ದರೆ ಹೋಫ್ ಜಿಲ್ಲೆ, ‘ಎಸ್‌ಒಕೆ’ ಇದ್ದರೆ ಆಚೆ ದಡ. ಮೇಯರ್‌ಗಳೂ ಇಬ್ಬರು. ಮ್ಯಾಪಿನಲ್ಲಿ ವಿಳಾಸ ಹುಡುಕುವಾಗ ಊರಿನ ಹೆಸರಿನ ಜೊತೆ ಪಿನ್‌ಕೋಡ್ ಹಾಕಿ, ಎರಡು ಫಲಿತಾಂಶ ಕಂಡು ಗಾಬರಿಯಾಗುವುದು ತಪ್ಪುತ್ತೆ.

ಚಳಿಗಾಲದಲ್ಲಾದರೆ ದಪ್ಪ ಬಟ್ಟೆ ಹಾಕಿಕೊಳ್ಳಿ. ಹೋಫ್ ಸುತ್ತಿನ ಪ್ರದೇಶವನ್ನು ‘ಬವೇರಿಯಾದ ಸೈಬೀರಿಯಾ’ ಅಂತ ಆ ರಾಜ್ಯದವರೇ ಕರೆಯುತ್ತಾರೆ. ನೋಡಬೇಕಾದ್ದರಲ್ಲಿ ಮುಖ್ಯವಾದದ್ದೆಲ್ಲ ಬಯಲಲ್ಲಿದೆ.

ಗಡಿಕಲ್ಲು

ಪೂರ್ವದಿಂದಲೇ ನೋಡಿ ಅನ್ನುವುದಕ್ಕೆ ನನ್ನದು ಅರ್ಧ ಒಪ್ಪಿಗೆ. ಪಶ್ಚಿಮ ದಡಕ್ಕೂ ಅದರದೇ ಇತಿಹಾಸವಿದೆ. ಶೀತಲ ಸಮರದ ಉದ್ದಕ್ಕೂ ಬಸ್ಸುಗಟ್ಟಲೆ ಜನ ಬಂದು ನಿಂತು ಆಚೆ ನೋಡುತ್ತಿದ್ದ ಜಾಗ ಅದು. ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ 1983ರ ಫೆಬ್ರವರಿಯಲ್ಲಿ ಬಂದು ಗೋಡೆ ನೋಡಿದ್ದೂ ಈ ದಡದಿಂದಲೇ. ಪೂರ್ವದಲ್ಲಿ ಮುಗಿಸಿ ಇಲ್ಲಿಗೆ ಬಂದು ಹತ್ತು ನಿಮಿಷ ನಿಲ್ಲಿ. ಗೋಡೆಯ ಹಿಂದಿನ ಮನೆಗಳಲ್ಲಿ ಚಾವಣಿ ಬಿಟ್ಟು ಬೇರೇನೂ ಕಾಣದಂತೆ ಮಾಡಲು 3.3 ಮೀಟರ್ ಹೇಗೆ ಸಾಕಾಯಿತು ಅನ್ನುವುದು ಅಲ್ಲಿಂದಲೇ ಗೊತ್ತಾಗೋದು.

ದಿನವಿಡೀ ಇದ್ದರೆ ಇನ್ನೆರಡು ಜಾಗ. ಬವೇರಿಯಾ, ಥುರಿಂಗಿಯಾ, ಸ್ಯಾಕ್ಸನಿ ಮೂರೂ ಸೇರುವ ಕಡೆ ನೆಟ್ಟ ಮೂರು ರಾಜ್ಯಗಳ ಕಲ್ಲು ಪೂರ್ವಕ್ಕೆ ಕೆಲವೇ ಕಿ.ಮೀ. ದೂರದಲ್ಲಿದೆ. ಟ್ಯೋಪೆನ್‌ನಿಂದ ಗೆಫೆಲ್ ಕಡೆ ಹೋಗುವ ಹೆದ್ದಾರಿ 2ರಲ್ಲಿ ಯುಖ್‌ಹ್ಯೋ ಎಂಬ ಜಾಗ ಬರುತ್ತೆ. ಮ್ಯೂನಿಕ್–ಬರ್ಲಿನ್ ಮಹಾಮಾರ್ಗದ ಝಾಲೆ ಸೇತುವೆಯನ್ನು 1945ರಲ್ಲಿ ಸ್ಫೋಟಿಸಿದ್ದರಿಂದ ಬರ್ಲಿನ್ ಕಡೆಯ ವಾಹನಗಳೆಲ್ಲ ಈ ಸಣ್ಣ ರಸ್ತೆಯಲ್ಲೇ ಗಡಿ ದಾಟುತ್ತಿದ್ದವು. 1966ರಲ್ಲಿ ಸೇತುವೆ ಮತ್ತೆ ಸಿದ್ಧವಾಯಿತು, ಈ ದಾರಿ ಮುಚ್ಚಿಹೋಯಿತು. ಮ್ಯೋಡ್ಲರಾಯ್ಟ್‌ಗೆ ಗೋಡೆ ಬಂದ ವರ್ಷವೂ ಅದೇ.

ಹಸಿರುಪಟ್ಟಿ

ನಡೆಯುವವರಿಗೆ ಒಂದು ಮಾತು. ಹಳೆಯ ಗಡಿಯ 1,393 ಕಿ.ಮೀ. ಉದ್ದಕ್ಕೂ ‘ಹಸಿರು ಪಟ್ಟಿ’ ಎಂಬ ಸಂರಕ್ಷಿತ ನೆಲವಿದೆ. ಜನ ಕಾಲಿಡದ ಕಾರಣಕ್ಕೆ ಅಪರೂಪದ ಹಕ್ಕಿ, ಗಿಡ ಉಳಿದುಕೊಂಡ ಪಟ್ಟಿ. ಅದನ್ನು ಉಳಿಸಬೇಕೆಂದು ಎರಡೂ ಜರ್ಮನಿಗಳ ಪರಿಸರ ಕಾರ್ಯಕರ್ತರು ನಿರ್ಣಯ ಮಾಡಿದ ಸಭೆ ಸೇರಿದ್ದು ಹೋಫ್‌ನಲ್ಲೇ, 1989ರ ಡಿಸೆಂಬರ್ 9ರಂದು. ಮ್ಯೋಡ್ಲರಾಯ್ಟ್‌ನಲ್ಲಿ ದಾರಿ ತೆರೆದದ್ದೂ ಅದೇ ದಿನ.

ಗಸ್ತು ರಸ್ತೆಯ ಚಪ್ಪಡಿಗಳ ಮೇಲೆ ನಡೆಯುವಾಗ ಹುಷಾರು. ತೂತುಗಳಲ್ಲಿ ಹುಲ್ಲು ಬೆಳೆದು ಮೇಲಿನಿಂದ ಸಮತಟ್ಟಾಗಿ ಕಾಣುತ್ತೆ, ಕಾಲಿಟ್ಟರೆ ಹಿಮ್ಮಡಿ ಒಳಗಿಳಿದು ಪಾದ ತಿರುಚುತ್ತೆ. ಮಳೆ ಬಿದ್ದ ದಿನ ಕಾಂಕ್ರೀಟ್ ಜಾರುತ್ತೆ. ಎರಡು ಸಾಲುಗಳ ನಡುವಿನ ಹುಲ್ಲಿನಲ್ಲಿ ನಡೆದರೆ ಆರಾಮ, ಆದರೆ ರಕ್ತ ಹೀರುವ ಉಣ್ಣಿ ಹುಳು ಹತ್ತುತ್ತೆ. ಉದ್ದ ಪ್ಯಾಂಟು ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಸಂಜೆ ಮೊಣಕಾಲ ಹಿಂಭಾಗ ನೋಡಿಕೊಳ್ಳಿ. ಸೈಕಲ್ಲಿಗಂತೂ ಈ ಚಪ್ಪಡಿ ಬೇಡ. ತೆಳು ಟೈರು ತೂತಿಗೆ ಸಿಕ್ಕಿ ರಿಮ್ ಬಾಗುತ್ತೆ, ಪಕ್ಕದ ಡಾಂಬರು ರಸ್ತೆಯಲ್ಲೇ ಹೋಗಿ.