ಅಂಬಿಗ ಸತ್ತ ಮೇಲೆ ಮನುಷ್ಯನಾದರೆ ಸಾಕಾ?

ವಾಟ್ಸಾಪ್ ಗುಂಪು: ಹೊಳೆಬದಿ ಮನೆ ಬಳಗ

ಪ್ರಣವ್: ಎಲ್ಲರಿಗೂ ನಮಸ್ಕಾರ. ನನ್ನ ಕಥೆಯ ಏಳನೇ ಅಧ್ಯಾಯ ಮುಗಿಯಿತು. ಪಿಡಿಎಫ್ ಹಾಕಿದ್ದೇನೆ, ಓದಿ ಹೇಳಿ. ಹಿಂದಿನದು ಮರೆತವರಿಗೆ ಚಿಕ್ಕದಾಗಿ ಹೇಳುತ್ತೇನೆ. ನೀಲಿಕಲ್ಲಿನ ಗಣಿಯಲ್ಲಿ ವರ್ಷಗಟ್ಟಲೆ ದುಡಿದವರ ಮೈ ನಿಧಾನವಾಗಿ ಕಲ್ಲಾಗುತ್ತದೆ. ಮಾತು ಹೋಗುತ್ತದೆ. ಊರಿನವರು ಅವರನ್ನು ಕಲ್ಮೈಯವರು ಅನ್ನುತ್ತಾರೆ. ಈ ಕಲ್ಮೈಯವರು ರಾತ್ರಿ ಬಂದು ಕುರಿ ದನ ಎಳೆದುಕೊಂಡು ಹೋಗುತ್ತಾರೆ. ಕೆಲವೊಮ್ಮೆ ಮನುಷ್ಯರನ್ನೂ. ಈ ಅಧ್ಯಾಯದಲ್ಲಿ ಕಥಾನಾಯಕ ಚಿರಂತ ಸೇತುವೆ ಮೇಲೆ ಅವರಲ್ಲಿ ಒಬ್ಬನನ್ನು ಕೊಲ್ಲುತ್ತಾನೆ.

ಮೋಹನ: ಚೆನ್ನಾಗಿದೆ ಮಗನೇ. ಪರೀಕ್ಷೆ ಯಾವಾಗ?

ದೀಪಾ: ದೊಡ್ಡಪ್ಪ, ಮೊದಲು ಓದಿ! ಪ್ರಣವ್, ಸೇತುವೆ ಜಗಳ ಸೂಪರ್. ಸತ್ತವನ ಮುಂಗೈ ಮೇಲೆ ಹಚ್ಚೆ ಕಾಣುತ್ತದೆ, ತನ್ನನ್ನು ಚಿಕ್ಕಂದಿನಲ್ಲಿ ಹೊಳೆ ದಾಟಿಸುತ್ತಿದ್ದ ಅಂಬಿಗ ಅವನೇ ಅಂತ ಚಿರಂತನಿಗೆ ಗೊತ್ತಾಗುತ್ತದಲ್ಲ, ಅಲ್ಲಿ ನಾನು ಅತ್ತುಬಿಟ್ಟೆ.

ಶಾರದಾ: ನನಗೆ ಬೇಜಾರಾಗಿದ್ದೂ ಅಲ್ಲೇ. ಪ್ರಣವ್, ಭಾಷೆ ಚೆನ್ನಾಗಿದೆ, ಮಳೆಯ ವರ್ಣನೆ ನಮ್ಮ ಕಡೆಯದೇ. ಆದರೆ ಅಂಬಿಗ ನಿನ್ನ ಕಥೆಯಲ್ಲಿ ಸತ್ತ ಮೇಲೆ ಮನುಷ್ಯನಾದ. ಬದುಕಿರುವಷ್ಟು ಹೊತ್ತು ಬರೀ ಹಲ್ಲು, ಉಗುರು, ಗರ್ಜನೆ. ಅವನ ಪಾಲಿಗೆ ಬಂದಿದ್ದು ಒಂದು ಹಚ್ಚೆ, ಅದೂ ಹೆಣದ ಮೇಲೆ. ಚಿರಂತ ಅಳುತ್ತಾನೆ, ನಾವೂ ಅಳುತ್ತೇವೆ. ಅತ್ತಿದ್ದು ಯಾರಿಗಾಗಿ? ಚಿರಂತನಿಗಾಗಿ. ಅಂಬಿಗನಿಗಾಗಿ ಅಲ್ಲ.

ಪ್ರಣವ್: ಮೊದಲೇ ಹೇಳಿಬಿಟ್ಟರೆ ಓದುವವರಿಗೆ ಆಘಾತವೇ ಆಗಲ್ಲ ಅಲ್ವಾ ಅತ್ತೆ?

ಶಾರದಾ: ಆಘಾತ ಒಂದು ಪುಟ ಇರುತ್ತದೆ. ಆಮೇಲೆ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ.

ರಘು: ಶಾರದಕ್ಕ, ಹುಡುಗ ಕಷ್ಟಪಟ್ಟು ಬರೆದಿದ್ದಾನೆ. ಸುಮ್ನೆ ಪಾಠ ಮಾಡಬೇಡ. ಇಲ್ಲಿ ಸಕಲೇಶಪುರದ ಕಡೆ ಬಂದು ಇದ್ದು ನೋಡು. ಆನೆ ಯಾವ ತೋಟದಲ್ಲಿದೆ ಅಂತ ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಅದನ್ನು ನೋಡಿಕೊಂಡೇ ಆಳುಗಳು ಕೆಲಸಕ್ಕೆ ಇಳಿಯುತ್ತಾರೆ. ಭೀಮ ಅಂತ ಹೆಸರಿಟ್ಟೂ ಕರೆಯುತ್ತೇವೆ. ಹೆಸರು ಗೊತ್ತಿದೆ ಅಂತ ಎದುರಿಗೆ ಹೋಗಿ ನಿಲ್ಲುತ್ತೇವಾ? ಮೈಮೇಲೆ ಬಂದಾಗ ಯಾರೂ ಪೂರ್ವಕಥೆ ಕೇಳಲ್ಲ.

ಶಾರದಾ: ಚಿರಂತ ಕೇಳದೇ ಇರಬಹುದು ರಘು. ಬರೆಯುವವನು ಕೇಳಲೇಬೇಕು.

ಸಾವಿತ್ರಿ: ಇದೇನು ಹೊಸ ವಿಷಯವಾ? ನಮ್ಮ ರಾಕ್ಷಸರೆಲ್ಲ ಮೊದಲು ಇನ್ನೇನೋ ಆಗಿದ್ದವರೇ. ಬೇಲೂರಿಗೆ ಬಂದಾಗ ನೀವೇ ನೋಡಿದ್ದೀರಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವನ ಬಾಗಿಲಿಗೆ ಜಯ ವಿಜಯರು ಕಾವಲು. ಅದೇ ಗುಡಿಯಲ್ಲಿ ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿದ್ದಾನೆ. ಹಿರಣ್ಯಕಶಿಪು ಅಂದರೆ ಆ ಇಬ್ಬರು ಕಾವಲುಗಾರರಲ್ಲಿ ಒಬ್ಬ! ಸನಕಾದಿಗಳ ಶಾಪದಿಂದ ಕೆಳಗೆ ಬಂದವನು. ಬಾಗಿಲು ಕಾದವನನ್ನೇ ಸ್ವಾಮಿ ಸೀಳುತ್ತಿದ್ದಾನೆ. ನಾನು ಪ್ರತಿ ಸಲ ಅಲ್ಲಿ ಸ್ವಲ್ಪ ಹೊತ್ತು ನಿಂತೇ ಒಳಗೆ ಹೋಗುವುದು.

ಪ್ರಣವ್: ದೊಡ್ಡಮ್ಮ, ಇದು ನನಗೆ ಹೊಳೆದೇ ಇರಲಿಲ್ಲ 🙏

ಮೋಹನ: ಅತ್ತಿಗೆ, ಅವರಿಬ್ಬರೂ ತಾವೇ ಆರಿಸಿಕೊಂಡರಲ್ಲವೇ? ಭಕ್ತರಾಗಿ ಏಳು ಜನ್ಮ ಅಥವಾ ವೈರಿಗಳಾಗಿ ಮೂರು ಜನ್ಮ. ಬೇಗ ವಾಪಸ್ ಹೋಗಬೇಕು ಅಂತ ಮೂರು ಆರಿಸಿಕೊಂಡರು. ಇವನ ಕಲ್ಮೈಯವರು ಏನನ್ನೂ ಆರಿಸಿಕೊಂಡಿಲ್ಲ. ಕೂಲಿಗೆ ಹೋದವರು.

ದೀಪಾ: ಅದೇ ಮುಖ್ಯ. ಗ್ರೀಕರ ಮೆಡೂಸಾ ಕೂಡ ಹಾಗೇ. ಒಂದು ಕಥೆಯ ಪ್ರಕಾರ ಅವಳು ಮೊದಲು ತುಂಬಾ ಚೆಲುವೆ. ದೇವತೆಯ ಗುಡಿಯಲ್ಲಿ ಸಮುದ್ರದ ದೇವರು ಅವಳ ಮೇಲೆ ಬಲಾತ್ಕಾರ ಮಾಡಿದ. ಶಿಕ್ಷೆ ಆಗಿದ್ದು ಇವಳಿಗೆ, ಕೂದಲು ಹಾವಾಯಿತು. ಕೊನೆಗೆ ಪರ್ಸಿಯಸ್ ಅನ್ನುವ ವೀರ ಬಂದು, ಅವಳು ನಿದ್ದೆಯಲ್ಲಿದ್ದಾಗ ತಲೆ ಕಡಿದ. ಅವಳ ಹಿಂದಿನ ಕಥೆ ನಮಗೆ ಗೊತ್ತಾಗುವುದು ಆಮೇಲೆ. ಊಟದ ಮನೆಯಲ್ಲಿ ಯಾರೋ ಕೇಳುತ್ತಾರೆ, ಪರ್ಸಿಯಸ್ ಹೇಳುತ್ತಾನೆ.

ಶಾರದಾ: ದೀಪಾ, ನಾನು ಹೇಳಬೇಕು ಅಂದುಕೊಂಡಿದ್ದನ್ನೇ ಹೇಳಿದೆ. ಕೊಂದವನ ಬಾಯಲ್ಲಿ, ಕೊಂದ ಮೇಲೆ. ಪ್ರಣವ್‌ನ ಏಳನೇ ಅಧ್ಯಾಯ ಇದೇ ಜಾತಿಯದು.

ನಮ್ಮ ತಾಟಕಿಯನ್ನು ನೋಡಿ. ಸುಕೇತು ಅನ್ನುವ ಯಕ್ಷನ ಮಗಳು. ಅಗಸ್ತ್ಯರಿಂದ ಗಂಡ ಸುಂದ ಸತ್ತ. ಅವಳು ಮಗ ಮಾರೀಚನ ಜೊತೆ ಅಗಸ್ತ್ಯರ ಮೇಲೆ ನುಗ್ಗಿದಳು. ಶಾಪ ಬಿತ್ತು, ರೂಪ ಹೋಯಿತು, ಮನುಷ್ಯರನ್ನು ತಿನ್ನುವವಳಾದಳು. ವಾಲ್ಮೀಕಿ ಇದನ್ನು ಯಾವಾಗ ಹೇಳುತ್ತಾರೆ? ಬಾಣ ಬಿಡುವುದಕ್ಕೆ ಮೊದಲೇ. ವಿಶ್ವಾಮಿತ್ರರು ದಾರಿಯಲ್ಲೇ ರಾಮನಿಗೆ ಎಲ್ಲ ಹೇಳುತ್ತಾರೆ. ಅವಳು ಗಂಡನನ್ನು ಕಳೆದುಕೊಂಡವಳು ಅಂತ ರಾಮನಿಗೆ ಗೊತ್ತು. ಹೆಣ್ಣು ಅಂತ ಹಿಂಜರಿಯುತ್ತಾನೆ. ಕಿವಿ ಮೂಗು ಕೊಯ್ದು ಬಿಡೋಣ ಅನ್ನುತ್ತಾನೆ. ಕೊನೆಗೆ ಹೊಡೆಯುತ್ತಾನೆ. ಗೊತ್ತಿದ್ದೂ ಹೊಡೆಯುವುದು ಬೇರೆ, ಹೊಡೆದ ಮೇಲೆ ಗೊತ್ತಾಗುವುದು ಬೇರೆ. ಎರಡನೆಯದರಲ್ಲಿ ಹೊಡೆದವನಿಗೆ ಒಂದು ನೆಪ ಸಿಗುತ್ತದೆ. ನನಗೆ ಗೊತ್ತಿರಲಿಲ್ಲ ಅಂತ ಅತ್ತು ಹಗುರಾಗುತ್ತಾನೆ. ಮೊದಲನೆಯದರಲ್ಲಿ ಹಾಗೆ ತಪ್ಪಿಸಿಕೊಳ್ಳುವುದಕ್ಕೆ ಆಗಲ್ಲ.

ದೀಪಾ: ಆದರೆ ಅತ್ತೆ, ಕಬಂಧ? ರಾಮ ಲಕ್ಷ್ಮಣರು ತೋಳು ಕತ್ತರಿಸಿದ ಮೇಲೆ ತಾನೇ ಅವನು ತನ್ನ ಕಥೆ ಹೇಳಿದ್ದು?

ಶಾರದಾ: ಹೌದು, ತೋಳು ಹೋದ ಮೇಲೆ. ಆದರೆ ಅವನಿನ್ನೂ ಬದುಕಿದ್ದಾನೆ, ತಾನೇ ಮಾತಾಡುತ್ತಾನೆ. ತಲೆ ಇಲ್ಲ, ಹೊಟ್ಟೆಯಲ್ಲಿ ಬಾಯಿ, ಎದೆಯಲ್ಲಿ ಒಂದು ಕಣ್ಣು. ಆ ಬಾಯಿಂದಲೇ ನೀವು ಯಾರು ಅಂತ ಕೇಳುತ್ತಾನೆ. ತಾನು ಮೊದಲು ಎಷ್ಟು ಚೆಲುವನಾಗಿದ್ದೆ, ಹೇಗೆ ಹೀಗಾದೆ ಅಂತ ಹೇಳುತ್ತಾನೆ. ನನ್ನನ್ನು ಸುಡಿ ಅಂತ ಕೇಳಿಕೊಳ್ಳುತ್ತಾನೆ. ಚಿತೆಯಿಂದ ಎದ್ದು, ಪಂಪೆಯ ಹತ್ತಿರ ಋಷ್ಯಮೂಕದಲ್ಲಿ ಸುಗ್ರೀವ ಇದ್ದಾನೆ, ಅವನ ಸ್ನೇಹ ಮಾಡು ಅಂತ ರಾಮನಿಗೆ ದಾರಿ ತೋರಿಸುತ್ತಾನೆ. ಅಲ್ಲಿಂದ ಮುಂದಿನ ರಾಮಾಯಣ ನಡೆಯುವುದು ಒಬ್ಬ ರಾಕ್ಷಸನ ಮಾತು ಹಿಡಿದು!

ಸಾವಿತ್ರಿ: ಕಲ್ಲಾಗುವುದು ಅಂದರೆ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಚಂಡಿ ಇದ್ದಾಳಲ್ಲ. ಗಂಡ ಹೇಳಿದ್ದಕ್ಕೆಲ್ಲ ಉಲ್ಟಾ ಮಾಡಿ ಬಂಡೆಯಾದವಳು. ಯಾಗದ ಕುದುರೆ ಆ ಬಂಡೆಗೆ ಅಂಟಿಕೊಳ್ಳುತ್ತದೆ, ಅರ್ಜುನನ ಕೈ ತಾಗಿ ಬಿಡುಗಡೆಯಾಗುತ್ತದೆ. ಲಕ್ಷ್ಮೀಶ ನಮ್ಮ ಕಡೂರು ಕಡೆಯ ದೇವನೂರಿನ ಕವಿ. ಪ್ರಣವ್ ಅದನ್ನು ಓದಬೇಕು.

ಪ್ರಣವ್: ಓದುತ್ತೇನೆ ದೊಡ್ಡಮ್ಮ. ಅತ್ತೆ, ನನ್ನ ಕಲ್ಮೈಯವರಿಗೆ ಮಾತು ಬರಲ್ಲ. ಕಬಂಧನ ಹಾಗೆ ತಾವೇ ಹೇಳಿಕೊಳ್ಳಲು ಹೇಗಾಗುತ್ತದೆ?

ಶಾರದಾ: ಮಾತು ಬೇಡ. ಅವನು ಅಂಬಿಗ ಅಲ್ವಾ? ಜೀವಮಾನವೆಲ್ಲ ದೋಣಿ ನಡೆಸಿದವನು. ಆ ಮೈಗೆ ಅಭ್ಯಾಸ ಇರುತ್ತದೆ. ನೀರಿಗೆ ಇಳಿಯುವ ಮೊದಲು ಕಾಲಿನಿಂದ ಆಳ ನೋಡಲಿ. ಸೇತುವೆ ಹತ್ತುವುದಕ್ಕೆ ಅವನಿಗೆ ಇಷ್ಟ ಇರಬಾರದು, ಸೇತುವೆ ಬಂದ ಮೇಲೇ ತಾನೇ ಅವನ ಕೆಲಸ ಹೋಗಿದ್ದು, ಗಣಿಗೆ ಸೇರಿದ್ದು? ಎರಡನೇ ಅಧ್ಯಾಯದಲ್ಲಿ ನೀನೇ ಬರೆದಿದ್ದೀಯ. ಸಂಜೆಯಾದರೆ ದಡದಲ್ಲಿ ಬಂದು ಕೂರುತ್ತಾನೆ. ಯಾರಾದರೂ ಬರಲಿ ಅಂತ ಕಾಯುತ್ತಾನೆ. ಊರಿನವರ ಕಣ್ಣಿಗೆ ಅದು ಹೊಂಚು. ಅವನ ಒಳಗೆ ಉಳಿದಿರುವುದು ಆಚೆ ದಡಕ್ಕೆ ಜನರನ್ನು ಬಿಡುವ ಕೆಲಸ. ಇದನ್ನು ಮೂರನೇ ಅಧ್ಯಾಯದಿಂದಲೇ ಅಲ್ಲಲ್ಲಿ ಹಾಕುತ್ತಾ ಬಾ. ಏಳನೆಯದಕ್ಕೆ ಬರುವಷ್ಟರಲ್ಲಿ ಓದುವವರಿಗೂ ಅನುಮಾನ ಬಂದಿರುತ್ತದೆ, ಚಿರಂತನಿಗೂ.

ದೀಪಾ: ಅಯ್ಯೋ ಅತ್ತೆ. ಕಾಯುತ್ತಿರುವುದು ದಾಟಿಸುವುದಕ್ಕೆ!

ರಘು: ಮತ್ತೆ ಕುರಿ ತಿಂದಿದ್ದು? ಮನುಷ್ಯರನ್ನು ಎಳೆದುಕೊಂಡು ಹೋಗಿದ್ದು? ಅದೂ ಹಳೇ ಅಭ್ಯಾಸವಾ? ನೀವೆಲ್ಲ ಸೇರಿ ಅವನನ್ನು ಪಾಪದವನನ್ನಾಗಿ ಮಾಡುತ್ತಿದ್ದೀರಿ. ಮೂರನೇ ಅಧ್ಯಾಯದಲ್ಲಿ ಒಬ್ಬ ಕುರಿಗಾಹಿ ಸತ್ತ. ಅವನಿಗೊಬ್ಬಳು ಹೆಂಡತಿ ಇದ್ದಳು. ಒಂದು ಸಾಲಿನಲ್ಲಿ ಅವಳು ಅಳುವ ಹಾಗೆ ಮಾಡಿ ಮುಗಿಸಿದ್ದಾನೆ ಪ್ರಣವ್. ಆಮೇಲೆ ಅವಳು ಕಥೆಯಲ್ಲೇ ಇಲ್ಲ. ಇಷ್ಟು ಮೆಸೇಜಿನಲ್ಲಿ ಅವಳ ಬಗ್ಗೆ ಒಬ್ಬರಾದರೂ ಕೇಳಿದಿರಾ?

ಮೋಹನ: ರಘು ಹೇಳುವುದರಲ್ಲಿ ಅರ್ಥ ಇದೆ.

ಶಾರದಾ: ಇದೆ. ಅದಕ್ಕೇ ಕಲ್ಮಾಷಪಾದನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಓದಿ.

ಅವನು ರಾಜ. ಕಾಡಿನ ಕಿರಿದಾದ ದಾರಿಯಲ್ಲಿ ಎದುರಿಗೆ ವಸಿಷ್ಠರ ಮಗ ಶಕ್ತಿ ಬಂದ. ಇಬ್ಬರೂ ದಾರಿ ಬಿಡಲಿಲ್ಲ. ರಾಜ ಚಾವಟಿಯಿಂದ ಹೊಡೆದ. ಮನುಷ್ಯರನ್ನು ತಿನ್ನುವ ರಾಕ್ಷಸನಾಗು ಅಂತ ಶಕ್ತಿ ಶಾಪ ಕೊಟ್ಟ. ವಿಶ್ವಾಮಿತ್ರರು ಕಳಿಸಿದ ಒಬ್ಬ ರಾಕ್ಷಸ ರಾಜನ ಮೈಯೊಳಗೆ ಹೊಕ್ಕ. ರಾಕ್ಷಸನಾದ ರಾಜ ಶಾಪ ಕೊಟ್ಟ ಶಕ್ತಿಯನ್ನೇ ಮೊದಲು ತಿಂದ. ಆಮೇಲೆ ವಸಿಷ್ಠರ ಉಳಿದ ಮಕ್ಕಳನ್ನೂ. ನೂರು ಮಕ್ಕಳು. ವಸಿಷ್ಠರು ಸಾಯಲು ಹೊರಟರು, ಸಾವು ಬರಲಿಲ್ಲ. ಒಂದು ದಿನ ವಿಧವೆ ಸೊಸೆ ಅದೃಶ್ಯಂತಿ ಜೊತೆ ಇದ್ದಾಗ ಆ ರಾಕ್ಷಸ ಎದುರಿಗೇ ಬಂದ. ಅವಳು ತುಂಬು ಬಸುರಿ. ನಡುಗಿಹೋದಳು. ವಸಿಷ್ಠರು ಏನು ಹೇಳಿದರು ಗೊತ್ತಾ? ಹೆದರಬೇಡ, ಇವನು ರಾಕ್ಷಸ ಅಲ್ಲ, ರಾಜ ಕಲ್ಮಾಷಪಾದ ಅಂತ. ಮಂತ್ರದ ನೀರು ಚಿಮುಕಿಸಿ ಬಿಡಿಸಿದರು.

ನೂರು ಮಕ್ಕಳನ್ನು ತಿಂದವನನ್ನು ಹೆಸರು ಹಿಡಿದು ಕರೆದರು ರಘು. ನನಗೆ ಮಹಾಭಾರತದಲ್ಲಿ ಇದಕ್ಕಿಂತ ದೊಡ್ಡ ಜಾಗ ಕಡಿಮೆ.

ರಘು: ಅವರು ಋಷಿ. ನಾವು ಹುಲುಮಾನವರು. ಆ ಸೊಸೆಯ ಗತಿ?

ಶಾರದಾ: ಕಥೆ ಅಲ್ಲಿಗೆ ನಿಲ್ಲಲ್ಲ. ಅವಳ ಹೊಟ್ಟೆಯಲ್ಲಿದ್ದ ಮಗುವೇ ಪರಾಶರ. ದೊಡ್ಡವನಾದ ಮೇಲೆ, ಅಪ್ಪನನ್ನು ರಾಕ್ಷಸ ತಿಂದ ಅಂತ ತಾಯಿ ಹೇಳಿದಳು. ಮೊದಲು ಲೋಕವನ್ನೇ ಸುಡುತ್ತೇನೆ ಅಂದ. ಅಜ್ಜ ತಡೆದರು. ಆಮೇಲೆ ರಾಕ್ಷಸರನ್ನೆಲ್ಲ ಸುಡುವ ಯಾಗ ಶುರು ಮಾಡಿದ. ಮುದುಕರು ಮಕ್ಕಳು ಅಂತ ನೋಡದೆ ಸುಟ್ಟ. ಪುಲಸ್ತ್ಯರು ಬಂದು, ನಿನ್ನ ಅಪ್ಪನ ಸಾವಿನ ವಿಷಯವೇ ಗೊತ್ತಿಲ್ಲದವರನ್ನು ಯಾಕೆ ಸುಡುತ್ತೀಯ ಅಂತ ಕೇಳಿ ನಿಲ್ಲಿಸಿದರು. ನೀನು ಕೇಳುವ ಸಿಟ್ಟು ಇಲ್ಲಿದೆ ನೋಡು. ವ್ಯಾಸರು ಅದನ್ನು ಮುಚ್ಚಿಡಲಿಲ್ಲ. ಅಜ್ಜ ಬಿಡಿಸಿದ್ದನ್ನು ಮೊಮ್ಮಗ ಒಪ್ಪಲಿಲ್ಲ. ಒಂದೇ ಮನೆಯಲ್ಲಿ ಎರಡೂ ಇತ್ತು.

ರಘು: ಇದು ಸರಿ. ಇದನ್ನು ಒಪ್ಪುತ್ತೇನೆ. ಆದರೂ ಪರಾಶರನ ಸಿಟ್ಟು ನನಗೆ ತಪ್ಪು ಅನಿಸುವುದಿಲ್ಲ.

ಶಾರದಾ: ಸಿಟ್ಟು ತಪ್ಪಲ್ಲ. ಸಿಕ್ಕಿದವರನ್ನೆಲ್ಲ ಸುಟ್ಟಿದ್ದು ತಪ್ಪು.

ದೀಪಾ: ಹಾಗಾದರೆ ಔಷಧಿ ಸಿಕ್ಕಿ ಕಲ್ಮೈಯವರೆಲ್ಲ ಮತ್ತೆ ಮನುಷ್ಯರಾಗುವ ಹಾಗೆ ಮುಗಿಸಬಹುದಲ್ವಾ?

ಶಾರದಾ: ಬೇಡಮ್ಮ. ಎಲ್ಲರಿಗೂ ಒಂದೇ ಸಲ ವಾಸಿಯಾದರೆ ಸತ್ತವರ ಮನೆಯವರಿಗೆ ಅವಮಾನ. ತಾಟಕಿಗೆ ಬಿಡುಗಡೆ ಸಿಗಲಿಲ್ಲ, ಬಾಣ ಸಿಕ್ಕಿತು. ಕೆಲವರು ವಾಪಸ್ ಬರಬಹುದು, ಕೆಲವರು ಬರಲ್ಲ.

ಮೋಹನ: ಈಗ ಪೂರ್ತಿ ಓದಿದೆ. ನನಗೆ ಬೇರೆಯೇ ಪ್ರಶ್ನೆ ಬಂತು. ಗಣಿ ಯಾರದು?

ಪ್ರಣವ್: ಅದು ಇನ್ನೂ ಬರೆದಿಲ್ಲ ಅಪ್ಪ. ಸುಮ್ನೆ ಒಂದು ಗಣಿ ಅಂತ ಇಟ್ಟಿದ್ದೆ.

ಮೋಹನ: ಏಳು ಅಧ್ಯಾಯ ಆಯಿತು. ಕೂಲಿಯವರು ಕಲ್ಲಾಗುತ್ತಿದ್ದಾರೆ, ಗಣಿ ನಡೆಯುತ್ತಲೇ ಇದೆ, ನೀಲಿಕಲ್ಲು ಮಾರಾಟ ಆಗುತ್ತಲೇ ಇದೆ. ಚಿರಂತನ ಕತ್ತಿಯ ಹಿಡಿಯಲ್ಲೂ ಅದೇ ಕಲ್ಲು ಇದೆ ಅಂತ ಬರೆದಿದ್ದೀಯ. ಯಜಮಾನನಿಗೆ ಮಾತ್ರ ಹೆಸರಿಲ್ಲ.

ಶಾರದಾ: ಮೋಹನ, ಎಂಥ ಮಾತು ಹೇಳಿದೆ! ನಮ್ಮ ಹಳೇ ಕಥೆಗಳಲ್ಲಿ ಶಾಪ ಕೊಟ್ಟವರಿಗೆ ಹೆಸರಿದೆ. ತಾಟಕಿಗೆ ಅಗಸ್ತ್ಯರು, ಕಬಂಧನಿಗೆ ಸ್ಥೂಲಶಿರಸ್ಸು, ಕಲ್ಮಾಷಪಾದನಿಗೆ ಶಕ್ತಿ. ತಪ್ಪೋ ಸರಿಯೋ, ಯಾರು ಮಾಡಿದರು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಪ್ರಣವ್‌ನ ಕಥೆಯಲ್ಲಿ ಶಾಪ ಇದೆ, ಕೊಟ್ಟವರಿಲ್ಲ. ಹಾಗಾಗಿ ಊರಿನವರ ಸಿಟ್ಟೆಲ್ಲ ಹೋಗಿ ಅಂಬಿಗನ ಮೇಲೆ ಬೀಳುತ್ತದೆ.

ದೀಪಾ: ಪ್ರಣವ್, ಕತ್ತಿಯ ಹಿಡಿ! ಅದನ್ನು ಬಿಡಬೇಡ.

ಪ್ರಣವ್: ಬಿಡಲ್ಲ ಅಕ್ಕ. ಅಂಬಿಗನ ಸಾವನ್ನು ಮಾತ್ರ ತೆಗೆಯುವುದಿಲ್ಲ. ಚಿರಂತನಿಗೆ ಮೊದಲೇ ಗೊತ್ತಿರುತ್ತದೆ. ಅವನ ಹಿಂದೆ ಒಂದು ಮಗು ಇರುತ್ತದೆ, ಅದಕ್ಕೇ ಹೊಡೆಯಬೇಕಾಗುತ್ತದೆ. ಆ ಮಗು ಕುರಿಗಾಹಿಯದೇ ಆಗಲಿ ಅಂದುಕೊಂಡೆ. ಆಗ ಅವನ ಹೆಂಡತಿಯೂ ಸೇತುವೆಗೆ ಬರುತ್ತಾಳೆ.

ಶಾರದಾ: ಬರಲಿ. ಅಂಬಿಗನ ದೋಣಿಯಲ್ಲಿ ಅವಳೂ ದಾಟಿರುತ್ತಾಳೆ ಅಲ್ವಾ? ಮದುವೆಯಾಗಿ ಆ ಊರಿಗೆ ಬಂದಿದ್ದೇ ಅವನ ದೋಣಿಯಲ್ಲಿ ಅಂತ ಇಡು. ಅವಳಿಗೂ ಅವನ ಗುರುತು ಸಿಗಲಿ.

ರಘು: ಗುರುತು ಸಿಗಲಿ. ಆದರೆ ಅವಳು ತಕ್ಷಣ ಕ್ಷಮಿಸುವ ಹಾಗೆ ಬರೆದರೆ ನಾನು ಓದುವುದು ಬಿಡುತ್ತೇನೆ.

ಪ್ರಣವ್: ಅವಳು ಏನು ಮಾಡುತ್ತಾಳೆ ಅಂತ ನನಗಿನ್ನೂ ಗೊತ್ತಿಲ್ಲ ಚಿಕ್ಕಪ್ಪ.

ರಘು: ಅವಳದೇ ಒಂದು ಅಧ್ಯಾಯ ಬರಿ, ಗೊತ್ತಾಗುತ್ತದೆ. ಬರೆದ ಮೇಲೆ ಗುಂಪಿಗೆ ಹಾಕಬೇಡ, ಮೊದಲು ನನಗೆ ಕಳಿಸು.