ತೇಗದ ಅಡಿಯ ಅರಿಶಿನಕ್ಕೆ ‘ಅಂತರಬೆಳೆ’ ಎನ್ನಬಹುದೇ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ ಕಡೆಯಿಂದ ಬರೆಯುತ್ತಿದ್ದೇನೆ. ತೇಗದ ತೋಪಿನಲ್ಲಿ ಅರಿಶಿನ, ಶುಂಠಿ, ಕೂವೆ ಬೆಳೆಯುವ ಬಗೆಗಿನ ಮಲಯಾಳಂ ಕೈಪಿಡಿಯೊಂದನ್ನು ನಮ್ಮೂರಿನ ಕೃಷಿಕರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ‘ಇಡವಿಳ’ ಎದುರಾಯಿತು. ‘ಅಂತರಬೆಳೆ’ ಎಂದು ಬರೆದು ಮುಂದೆ ಹೋಗಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಅಂತರಬೆಳೆ ಎಂದರೆ ಸಾಲುಗಳ ನಡುವೆ ತೆರವಿರುವ ಜಾಗದ ಬೆಳೆ. ಎಳೆಯ ಅಡಕೆ ತೋಟದ ಬಾಳೆಗೆ ಅದು ಸರಿಯಾಗಿಯೇ ಒಪ್ಪುತ್ತದೆ. ಹದಿನೈದು ವರ್ಷದ ತೇಗದಲ್ಲಿ ಮುಖ್ಯವಾಗುವುದು ಅಂತರವಲ್ಲ, ನೆರಳು. ಮೊನ್ನೆ ಮಳೆಯಲ್ಲಿ ಕೊಡೆ ಹಿಡಿದು ತೋಪಿನೊಳಗೆ ನಿಂತಿದ್ದೆ. ಅಗಲವಾದ ತೇಗದೆಲೆಯ ಮೇಲೆ ಸಣ್ಣ ಹನಿಗಳೆಲ್ಲ ಕೂಡಿಕೊಂಡು ಒಂದೇ ದಪ್ಪ ಹನಿಯಾಗಿ ಬೀಳುತ್ತಿದ್ದವು. ಬರಿ ನೆಲದ ಮೇಲೆ ಬಿದ್ದಲ್ಲಿ ಕೆಂಪು ಮಣ್ಣು ಸಿಡಿದು ಪುಟ್ಟ ಗುಳಿ ಬೀಳುತ್ತಿತ್ತು. ಅರಿಶಿನವಿದ್ದಲ್ಲಿ ಹನಿಯ ಪೆಟ್ಟನ್ನು ಅದರ ಎಲೆ ತಡೆದು, ನೀರು ಮೆಲ್ಲನೆ ಮಣ್ಣಿಗಿಳಿಯುತ್ತಿತ್ತು. ಮೇಲಿನ ಮರಕ್ಕೂ ಕೆಳಗಿನ ಬೆಳೆಗೂ ಇರುವ ಈ ನಂಟು ‘ಅಂತರ’ದಲ್ಲಿ ಎಲ್ಲಿದೆ?

‘ನೆರಳುಬೆಳೆ’ ಎನ್ನೋಣವೆಂದರೆ ಇನ್ನೊಂದು ತೊಡಕು. ಕಾಫಿ ತೋಟದಲ್ಲಿ ‘ನೆರಳುಮರ’ ಎಂದರೆ ನೆರಳು ಕೊಡುವ ಮರ. ಅದೇ ಜಾಡಿನಲ್ಲಿ ನೆರಳುಬೆಳೆ ಎಂದರೆ ನೆರಳು ಕೊಡುವ ಬೆಳೆ ಎಂದಾಗುತ್ತದೆ.

ನನಗೆ ಹಿಡಿಸಿರುವುದು ‘ಅಡಿಬೆಳೆ’. ನೆರೆಮನೆಯ ಹಿರಿಯರೊಬ್ಬರನ್ನು ಕೇಳಿದಾಗ ಅವರು, “ಕಾಳುಮೆಣಸು ಮರದ ಬುಡದ್ದು, ಅರಿಶಿನ ಮರದ ಅಡಿಯದ್ದು” ಎಂದರು. ಎಷ್ಟು ಚೊಕ್ಕವಾದ ವಿಂಗಡಣೆ! ಬುಡವೆಂದರೆ ಕಾಂಡ ನೆಲ ಮುಟ್ಟುವ ಜಾಗ, ಬಳ್ಳಿ ಹಬ್ಬಿಸುವುದು ಅಲ್ಲಿಂದ. ಅಡಿಯೆಂದರೆ ನೆರಳು ಹರಡಿದಷ್ಟೂ ನೆಲ.

ತೇಗ ಎಳೆಯದಾಗಿರುವಾಗಿನ ಬೆಳೆಗೆ ಬೇರೆಯೇ ಪದ ಬೇಕು. ಮೊದಲ ಎರಡು ಮೂರು ವರ್ಷ, ಕೊಂಬೆಗಳು ಕೂಡಿಕೊಳ್ಳುವ ಮುನ್ನ, ಭತ್ತವನ್ನೋ ಮರಗೆಣಸನ್ನೋ ಬೆಳೆದುಕೊಳ್ಳುವ ಪದ್ಧತಿಯನ್ನು ಅರಣ್ಯಶಾಸ್ತ್ರದಲ್ಲಿ ‘ಟೌಂಗ್ಯಾ’ ಎನ್ನುತ್ತಾರೆ. ಅದು ಬರ್ಮಾದ ಮಾತು: ಟೌಂಗ್ ಎಂದರೆ ಬೆಟ್ಟ, ಯಾ ಎಂದರೆ ಸಾಗುವಳಿಯ ನೆಲ. ಇದಕ್ಕೆ ನಮ್ಮ ‘ಕುಮರಿ’ ಹತ್ತಿರದ್ದು. 1956ರವರೆಗೆ ನಾವೂ ಸೇರಿದ್ದ ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಬಳಕೆಯಲ್ಲಿದ್ದ ಪದ. ಆದರೆ ಕುಮರಿಯಲ್ಲಿ ಕಾಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು ನೆಲವನ್ನು ಬಿಟ್ಟುಹೋಗುವ ಅರ್ಥವಿದೆ. ಮರ ನೆಟ್ಟು ಕಾಯುವವನ ಕೆಲಸಕ್ಕೆ ಆ ಹೆಸರು ಹೊಂದದು. ಇಲ್ಲಿಗೆ ‘ಎಡೆಬೆಳೆ’ ಸರಿಹೋದೀತು ಎನಿಸುತ್ತದೆ. ಮಲಯಾಳಂನ ಇಡ ನಮ್ಮ ಎಡೆ, ವಿಳ ನಮ್ಮ ಬೆಳೆ. ಗಡಿಯ ಎರಡೂ ಕಡೆಯ ಕಿವಿಗೆ ಪರಿಚಿತ. ದೇವರಿಗಿಡುವ ಎಡೆಯ ನೆನಪು ಬಂದರೂ ಗೊಂದಲವಾಗಲಾರದು.

ಇನ್ನು ಮರವನ್ನೂ ಬೆಳೆಯನ್ನೂ ಒಟ್ಟಿಗೆ ಬೆಳೆಸುವ ಇಡೀ ಪದ್ಧತಿಗೆ (ಇಂಗ್ಲಿಷಿನ ಆಗ್ರೋಫಾರೆಸ್ಟ್ರಿ) ‘ಕೃಷಿ ಅರಣ್ಯ’, ‘ಅರಣ್ಯ ಕೃಷಿ’ ಎರಡೂ ಮುದ್ರಣದಲ್ಲಿ ಕಾಣುತ್ತವೆ. ಎರಡನೆಯದು ಕಾಡಿನೊಳಗೆ ಮಾಡುವ ಬೇಸಾಯ ಎಂಬಂತೆ ಕೇಳಿಸುತ್ತದೆ. ಸ್ವಂತ ಪಟ್ಟಾ ಜಾಗದಲ್ಲಿ ತೇಗ ನೆಟ್ಟವರಿಗೆ ‘ಅರಣ್ಯ’ ಎಂದೊಡನೆ ಇಲಾಖೆಯ ನೆನಪಾಗುತ್ತದೆ. ಹಾಗಾಗಿ ಸದ್ಯಕ್ಕೆ ‘ಮರಗೂಡಿದ ಬೇಸಾಯ’ ಎಂದು ಬರೆದಿಟ್ಟಿದ್ದೇನೆ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಮರದಡಿಯ ಬೆಳೆಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ‘ಅಡಿಬೆಳೆ’ಗೆ ನಿಮ್ಮಲ್ಲಿ ಇನ್ನಾವುದಾದರೂ ಅರ್ಥವಿದೆಯೇ ಎಂಬುದನ್ನೂ.